ಹೊಸ ರೂಟರ್ ತಂದರೆ ಲ್ಯಾಗ್ ಹೋದೀತೇ?



ಆನ್‌ಲೈನ್ ಆಟ ಆಡುವ ಮಕ್ಕಳಿರುವ ಮನೆಗಳಲ್ಲಿ ಈಚೆಗೆ ಒಂದು ಬೇಡಿಕೆ ಪದೇ ಪದೇ ಕೇಳಿಬರುತ್ತಿದೆ: "ಲ್ಯಾಗ್ ಹೊಡೀತಿದೆ, ಹೊಸ ರೂಟರ್ ಕೊಡಿಸಿ." ಎದುರಾಳಿ ಗೋಡೆಯ ಮರೆಯಿಂದ ಹೊರಬರುವುದು ಕಾಣುವ ಹೊತ್ತಿಗೆ ತಮ್ಮ ಆಟಗಾರ ಸತ್ತು ಬಿದ್ದಿರುತ್ತಾನೆ. ಮುಂದಕ್ಕೆ ಓಡುತ್ತಿದ್ದವನು ಇದ್ದಕ್ಕಿದ್ದಂತೆ ನಾಲ್ಕು ಹೆಜ್ಜೆ ಹಿಂದೆ ಬಂದು ನಿಂತಿರುತ್ತಾನೆ. ಗುರಿಯಿಟ್ಟು ಹೊಡೆದ ಗುಂಡು ತಾಗುವುದೇ ಇಲ್ಲ. ಮಕ್ಕಳ ಈ ಸಂಕಟ ನಿಜವಾದದ್ದು. ಆಟ ತಾನೇ ಎಂದು ತಳ್ಳಿಹಾಕುವಂಥದ್ದಲ್ಲ. ಅಭ್ಯಾಸ ಮಾಡಿ ಗಳಿಸಿದ ಕೌಶಲ ತನ್ನದಲ್ಲದ ಕಾರಣಕ್ಕೆ ಸೋಲುವುದು ಯಾರಿಗಾದರೂ ನೋವಿನ ವಿಷಯವೇ. ಇತ್ತ ಅಂಗಡಿಯಲ್ಲಿ ಆರೆಂಟು ಆಂಟೆನಾ ಚಾಚಿಕೊಂಡ 'ಗೇಮಿಂಗ್ ರೂಟರ್' ಇಪ್ಪತ್ತು, ಮೂವತ್ತು ಸಾವಿರ ರೂಪಾಯಿ ಬೆಲೆಯ ಚೀಟಿ ಹೊತ್ತು ಕುಳಿತಿರುತ್ತದೆ. ಎಷ್ಟೋ ಮನೆಗಳಲ್ಲಿ ಅದು ಒಂದು ತಿಂಗಳ ಸಂಬಳ.

ಅದನ್ನು ಕೊಂಡರೆ ಲ್ಯಾಗ್ ಕಡಿಮೆಯಾಗುತ್ತದೆಯೇ? ಕೆಲವು ಮನೆಗಳಲ್ಲಿ ಆಗುತ್ತದೆ, ಬಹಳಷ್ಟು ಮನೆಗಳಲ್ಲಿ ಆಗುವುದಿಲ್ಲ. ನಿಮ್ಮದು ಯಾವ ಬಗೆಯ ಮನೆ ಎಂಬುದನ್ನು ದುಡ್ಡು ಕೊಡುವ ಮುಂಚೆಯೇ ಕಂಡುಕೊಳ್ಳಬಹುದು. ಅದಕ್ಕೆ ಹತ್ತು ನಿಮಿಷ ಸಾಕು, ಖರ್ಚು ಏನೂ ಇಲ್ಲ. ಇವತ್ತು ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಅದನ್ನೇ.

ಮೊದಲು ಒಂದು ಗೊಂದಲ ಬಿಡಿಸಬೇಕು. ಇಂಟರ್ನೆಟ್ ಕಂಪನಿಗಳು ಮಾರುವುದು ವೇಗವನ್ನು: 40 ಎಂಬಿಪಿಎಸ್, 100 ಎಂಬಿಪಿಎಸ್, 300 ಎಂಬಿಪಿಎಸ್. ಆಟಕ್ಕೆ ಇದರ ಅಗತ್ಯ ಅತಿ ಕಡಿಮೆ. ರಯಟ್ ಗೇಮ್ಸ್ 2020ರಲ್ಲಿ ಹೊರತಂದ ವ್ಯಾಲೊರಂಟ್ ಆಟವನ್ನೇ ತೆಗೆದುಕೊಳ್ಳಿ. ಅದರ ಸರ್ವರ್ ಸೆಕೆಂಡಿಗೆ 128 ಬಾರಿ ಆಟದ ಸ್ಥಿತಿಯನ್ನು ಲೆಕ್ಕ ಹಾಕುತ್ತದೆ. ಒಂದೊಂದು ಸಲಕ್ಕೂ 200 ಬೈಟ್ ಮಾಹಿತಿ ಹೋಗುತ್ತದೆ ಎಂದು ಹಿಡಿದರೂ ಸೆಕೆಂಡಿಗೆ ಸುಮಾರು ಎರಡು ಲಕ್ಷ ಬಿಟ್ ಆಯಿತು, ಅಂದರೆ 0.2 ಎಂಬಿಪಿಎಸ್. ಅತಿ ಅಗ್ಗದ ಪ್ಲಾನಿನಲ್ಲೂ ಇದರ ನೂರಾರು ಪಟ್ಟು ಜಾಗ ಇದೆ. ಇನ್ನು ವೇಗ ಹೆಚ್ಚಾದರೆ ಪ್ಯಾಕೆಟ್, ಅಂದರೆ ಮಾಹಿತಿಯ ತುಣುಕು, ಬೇಗ ಹೋಗುತ್ತದಲ್ಲ ಎನ್ನುವವರು ಉಂಟು. ನೂರು ಬೈಟಿನ ಒಂದು ಪ್ಯಾಕೆಟ್ಟನ್ನು 40 ಎಂಬಿಪಿಎಸ್ ತಂತಿಗೆ ಏರಿಸಲು 0.02 ಮಿಲಿಸೆಕೆಂಡು ಬೇಕು. 300 ಎಂಬಿಪಿಎಸ್ ಆದರೆ 0.003 ಮಿಲಿಸೆಕೆಂಡು. ತಿಂಗಳಿಗೆ ನೂರಾರು ರೂಪಾಯಿ ಹೆಚ್ಚು ಕೊಟ್ಟು ಉಳಿಸಿದ ಈ ಕಾಲ ಯಾವ ಮನುಷ್ಯನ ಅನುಭವಕ್ಕೂ ನಿಲುಕುವುದಿಲ್ಲ.

ಆಟಕ್ಕೆ ಬೇಕಿರುವುದು ಪಿಂಗ್ ಕಡಿಮೆ ಇರುವುದು. ನಿಮ್ಮ ಯಂತ್ರದಿಂದ ಹೊರಟ ಒಂದು ಚಿಕ್ಕ ಪ್ಯಾಕೆಟ್ ಅತ್ತ ಕಡೆ ಮುಟ್ಟಿ, ಉತ್ತರ ಹಿಂದಿರುಗಲು ಹಿಡಿಯುವ ಕಾಲವೇ ಪಿಂಗ್. ಇದನ್ನು ಅಳೆಯುವ ಪ್ರೋಗ್ರಾಮನ್ನು 1983ರ ಡಿಸೆಂಬರಿನಲ್ಲಿ ಅಮೆರಿಕದ ಸೇನೆಯ ಬ್ಯಾಲಿಸ್ಟಿಕ್ ರಿಸರ್ಚ್ ಲ್ಯಾಬೊರೇಟರಿಯಲ್ಲಿ ಮೈಕ್ ಮೂಸ್ ಎಂಬವರು ಬರೆದರು. ಅವರ ಕಚೇರಿಯ ಜಾಲವೂ ಆಗ ಸರಿಯಾಗಿ ನಡೆಯುತ್ತಿರಲಿಲ್ಲ; ತೊಂದರೆ ಎಲ್ಲಿದೆ ಎಂದು ಹುಡುಕಲು ಮಾಡಿಕೊಂಡ ಸಾಧನ ಅದು. ನಾಲ್ಕು ದಶಕ ಕಳೆದರೂ ಬಹುತೇಕ ಎಲ್ಲ ಕಂಪ್ಯೂಟರುಗಳಲ್ಲೂ ಅದು ಇದೆ, ಈಗಲೂ ಅದೇ ಕೆಲಸಕ್ಕೆ ಬರುತ್ತದೆ.

ಪಿಂಗಿನ ಒಂದು ಪಾಲು ಕೇವಲ ದೂರದ್ದು. ಬೆಳಕು ಗಾಜಿನ ನಾರಿನೊಳಗೆ ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಸಾಗುತ್ತದೆ. ವ್ಯಾಲೊರಂಟ್‌ನ ಭಾರತದ ಸರ್ವರ್ ಇರುವುದು ಮುಂಬೈಯಲ್ಲಿ. ಬೆಂಗಳೂರಿನಿಂದ ಕೇಬಲ್ ದಾರಿ ಸಾವಿರ ಕಿಲೋಮೀಟರ್ ಎಂದುಕೊಂಡರೆ ಹೋಗಲು 5, ಬರಲು 5, ಒಟ್ಟು 10 ಮಿಲಿಸೆಕೆಂಡು. ನಡುವೆ ಸಿಗುವ ಯಂತ್ರಗಳು, ಸುತ್ತುದಾರಿಗಳು ಸೇರಿ ಪರದೆಯ ಮೇಲೆ 20ರಿಂದ 30 ಕಾಣುತ್ತದೆ. ನಕ್ಷೆಯಲ್ಲಿ ಬೆಳಗಾವಿ ಮುಂಬೈಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಆದರೂ ಕೆಲವು ಕಂಪನಿಗಳ ಜಾಲದಲ್ಲಿ ಬೆಳಗಾವಿಯ ಪ್ಯಾಕೆಟ್ ಮೊದಲು ಬೆಂಗಳೂರಿಗೆ ಇಳಿದು, ಅಲ್ಲಿಂದ ಮುಂಬೈಗೆ ಏರುತ್ತದೆ. ಆ ದಾರಿಯನ್ನು ತೀರ್ಮಾನಿಸುವುದು ಕಂಪನಿ. ಹಜಾರದ ಮೂಲೆಯಲ್ಲಿರುವ ರೂಟರಿಗೆ ಅದರಲ್ಲಿ ಮಾತೇ ಇಲ್ಲ. ಸಿಂಗಪುರದ ಸರ್ವರಿನಲ್ಲಿ ಆಡಿದರೆ ಬೆಂಗಳೂರಿನಿಂದ ನೇರ ದೂರವೇ 3,200 ಕಿಲೋಮೀಟರ್. 32 ಮಿಲಿಸೆಕೆಂಡಿನ ಕೆಳಗೆ ಇಳಿಯುವುದು ಭೌತಶಾಸ್ತ್ರದ ಪ್ರಕಾರವೇ ಸಾಧ್ಯವಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಓದುತ್ತಿರುವ ಮೈಸೂರಿನ ಹುಡುಗಿ ಊರಿನ ಗೆಳತಿಯರೊಂದಿಗೆ ಮುಂಬೈ ಸರ್ವರಿನಲ್ಲಿ ಆಡಲು ಕುಳಿತರೆ ಪಿಂಗ್ 200 ದಾಟುತ್ತದೆ. ಅವಳು ಎಷ್ಟೇ ದುಬಾರಿ ರೂಟರ್ ತಂದರೂ ಶಾಂತಸಾಗರ ಕಿರಿದಾಗುವುದಿಲ್ಲ.

ಆದರೆ ದೂರದಿಂದ ಬಂದ ಪಿಂಗ್ ಒಂದೇ ಸಮನಾಗಿರುತ್ತದೆ. ಈ ಮಾತು ಮುಖ್ಯ, ದಯವಿಟ್ಟು ಗಮನವಿಟ್ಟು ಕೇಳಿ. ಆಟ ಬರೆಯುವವರು ಸಮನಾದ ವಿಳಂಬಕ್ಕೆ ಮದ್ದು ಕಂಡುಹಿಡಿದು ಬಹಳ ಕಾಲವಾಯಿತು. ನೀವು ಗುಂಡು ಹಾರಿಸಿದ ಗಳಿಗೆಯಲ್ಲಿ ನಿಮ್ಮ ಪರದೆಯ ಮೇಲೆ ಎದುರಾಳಿ ಎಲ್ಲಿದ್ದ ಎಂಬುದನ್ನು ಸರ್ವರ್ ಕಾಲವನ್ನು ಹಿಂದಕ್ಕೆ ತಿರುಗಿಸಿ ನೋಡಿ ತೀರ್ಪು ಕೊಡುತ್ತದೆ. ವಾಲ್ವ್ ಸಂಸ್ಥೆಯ ಯಾನ್ ಬರ್ನಿಯರ್ 2001ರಲ್ಲೇ ಈ ವಿಧಾನವನ್ನು ವಿವರಿಸಿ ಬರೆದರು. ಕೌಂಟರ್-ಸ್ಟ್ರೈಕ್ ಆಡಿದವರೆಲ್ಲರೂ ಅದರ ಲಾಭ ಪಡೆದವರೇ. ಹಾಗಾಗಿ ಸದಾ 60 ಇರುವ ಪಿಂಗಿಗೆ ಕೈ ಒಗ್ಗಿಕೊಳ್ಳುತ್ತದೆ. ಒಮ್ಮೆ 22, ಮರುಕ್ಷಣ 180, ಮತ್ತೆ 25 ಎಂದು ಕುಣಿಯುವ ಪಿಂಗಿಗೆ ಯಾವ ಕೈಯೂ ಒಗ್ಗುವುದಿಲ್ಲ, ಯಾವ ಸರ್ವರೂ ಅದನ್ನು ಸರಿದೂಗಿಸಲಾರದು. ಆಟಗಾರನನ್ನು ಹಿಂದಕ್ಕೆ ಎಳೆದು ನಿಲ್ಲಿಸುವುದು ಈ ಕುಣಿತ. ಮತ್ತು ಈ ಕುಣಿತ ಬಹುಪಾಲು ಹುಟ್ಟುವುದು ನಮ್ಮ ಮನೆಯೊಳಗೆ, ಇಲ್ಲವೇ ಮನೆಯಿಂದ ಹೊರಬೀಳುವ ಬಾಗಿಲಲ್ಲಿ. ರೂಟರಿನ ಪ್ರಶ್ನೆಗೆ ಅರ್ಥ ಬರುವುದು ಅದಕ್ಕಾಗಿಯೇ.

ಈಗ ಆ ಹತ್ತು ನಿಮಿಷದ ಪರೀಕ್ಷೆ. ರಾತ್ರಿ ಒಂಬತ್ತರ ಹೊತ್ತಿಗೆ, ಮನೆಯವರೆಲ್ಲ ಮೊಬೈಲು, ಟಿವಿ ಹಿಡಿದಿರುವಾಗ ಮಾಡಿ. ರೂಟರಿನ ಅಡಿಯಲ್ಲಿ ಒಂದು ಚೀಟಿ ಅಂಟಿಸಿರುತ್ತಾರೆ, ಅದರಲ್ಲಿ 192.168.1.1 ಎಂಬಂಥ ಒಂದು ವಿಳಾಸ ಇರುತ್ತದೆ. ಅದು ರೂಟರಿನದೇ ವಿಳಾಸ. ಕಂಪ್ಯೂಟರಿನ ಕಮಾಂಡ್ ಕಿಟಕಿ ತೆರೆದು ಪಿಂಗ್ ಎಂದು ಬರೆದು, ಮುಂದೆ ಆ ವಿಳಾಸ ಕೊಟ್ಟು (ವಿಂಡೋಸ್ ಆದರೆ ಕೊನೆಗೆ -t ಸೇರಿಸಿ), ಎರಡು ನಿಮಿಷ ಓಡಲು ಬಿಡಿ. ಮೊಬೈಲಿನಲ್ಲಿ ಆಡುವವರಿಗೆ ಇದೇ ಕೆಲಸ ಮಾಡುವ ಉಚಿತ ಆ್ಯಪ್‌ಗಳಿವೆ. ನೆನಪಿರಲಿ, ಈ ಪ್ಯಾಕೆಟ್ ಮನೆಯಿಂದ ಹೊರಗೆ ಹೋಗುವುದೇ ಇಲ್ಲ. ನಿಮ್ಮ ಕೋಣೆಯಿಂದ ರೂಟರಿಗೆ ಹೋಗಿ ವಾಪಸು ಬರುತ್ತದೆ. ಹಾಗಾಗಿ ಸಾಲಾಗಿ 2, 1, 3, 2, 2 ಎಂದು ಬರಬೇಕು. ಅದರ ಬದಲು 2, 3, 147, 5, 96, ಆಮೇಲೆ 'ರಿಕ್ವೆಸ್ಟ್ ಟೈಮ್ಡ್ ಔಟ್' ಎಂಬ ಸಾಲು ಕಂಡರೆ ನಿಮ್ಮ ಲ್ಯಾಗ್ ಸಿಕ್ಕಿತು. ಅದು ನಿಮ್ಮ ವೈಫೈಯಲ್ಲಿದೆ. ಕಂಪನಿಗೆ ಫೋನ್ ಮಾಡಿ ಪ್ರಯೋಜನವಿಲ್ಲ, ಪ್ಲಾನ್ ಹೆಚ್ಚಿಸಿ ಪ್ರಯೋಜನವಿಲ್ಲ.

ವೈಫೈ ಹೀಗೇಕೆ ಮಾಡುತ್ತದೆ? ಗಾಳಿಯಲ್ಲಿ ಒಂದು ಚಾನೆಲ್ಲಿನ ಮೇಲೆ ಒಮ್ಮೆಗೆ ಒಬ್ಬರೇ ಮಾತಾಡಬಹುದು. ಪ್ರತಿಯೊಂದು ಯಂತ್ರವೂ ಮೊದಲು ಕಿವಿಗೊಟ್ಟು ಕೇಳಿ, ಬೇರೆಯವರು ಸುಮ್ಮನಾಗುವವರೆಗೆ ಕಾದು, ಆಮೇಲೂ ಚೂರು ಹೊತ್ತು ತಡೆದು ಕಳಿಸುತ್ತದೆ. ಇಬ್ಬರು ಒಟ್ಟಿಗೆ ಕಳಿಸಿಬಿಟ್ಟರೆ ಎರಡೂ ಕೆಟ್ಟು, ಮತ್ತೆ ಮೊದಲಿನಿಂದ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6 ಮತ್ತು 11. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಫೋನ್ ತೆರೆದು ನೋಡಿ, ಅಕ್ಕಪಕ್ಕದ ಮನೆಗಳ ವೈಫೈ ಹೆಸರುಗಳು ಒಂದು ಪರದೆಗೆ ಹಿಡಿಸುವುದಿಲ್ಲ. ಅವೆಲ್ಲ ಆ ಮೂರು ಚಾನೆಲ್ಲುಗಳನ್ನೇ ಹಂಚಿಕೊಳ್ಳಬೇಕು. ಅದೇ ಪಟ್ಟಿಯಲ್ಲಿ ಬ್ಲೂಟೂತ್ ಇದೆ, ಅಡುಗೆಮನೆಯ ಮೈಕ್ರೋವೇವ್ ಒಲೆಯೂ ಇದೆ. 5 ಗಿಗಾಹರ್ಟ್ಸ್ ಪಟ್ಟಿ ಇದಕ್ಕಿಂತ ಬಹಳ ವಿಶಾಲ, ಆದರೆ ಗೋಡೆ ದಾಟುವ ಶಕ್ತಿ ಅದಕ್ಕೆ ಕಡಿಮೆ.

ಹೊನ್ನಾವರದ ಕಡೆ ನನಗೆ ಪರಿಚಯದ ಒಂದು ಮನೆ ಇದೆ. ಚಿರೆಕಲ್ಲಿನ ಹಳೆಯ ಗೋಡೆಗಳು, ಒಂದೊಂದೂ ಒಂದೂವರೆ ಅಡಿ ದಪ್ಪ. ಫೈಬರ್ ತಂತಿ ಬಂದು ಮುಗಿಯುವುದು ಹೊರಜಗಲಿಯಲ್ಲಿ, ಮಗ ಆಡುವುದು ಮಹಡಿಯ ಹಿಂದಿನ ಕೋಣೆಯಲ್ಲಿ. ನಡುವೆ ಮೂರು ಗೋಡೆ. ಅವರು ದೊಡ್ಡ ಮೊತ್ತ ಕೊಟ್ಟು ಹೊಸ ರೂಟರ್ ತರಿಸಿ, ಹಳೆಯದು ಇದ್ದ ಜಾಗದಲ್ಲೇ ಇಟ್ಟರು. ಕಲ್ಲು ಕಲ್ಲಾಗಿಯೇ ಇತ್ತು, ಲ್ಯಾಗ್ ಲ್ಯಾಗಾಗಿಯೇ ಉಳಿಯಿತು. ಕಡೆಗೆ ಕೆಲಸ ಮಾಡಿದ್ದು ಅಟ್ಟದ ತೊಲೆಯ ಮೇಲೆ ಹಾಯಿಸಿ, ನೀರಿನ ಪೈಪಿಗೆ ಕೊರೆದಿದ್ದ ತೂತಿನಲ್ಲೇ ತೂರಿಸಿ ತಂದ ಒಂದು ಕ್ಯಾಟ್ 6 ಕೇಬಲ್. ಬೆಲೆ ಕೆಲವು ನೂರು ರೂಪಾಯಿ. ರೂಟರಿಗೆ ಪಿಂಗ್ ಕೊಟ್ಟರೆ ಎಲ್ಲ ಸಾಲುಗಳಲ್ಲೂ ಒಂದು ಮಿಲಿಸೆಕೆಂಡಿಗಿಂತ ಕಡಿಮೆ. ಇಂಥ ಕೇಬಲ್ ನೂರು ಮೀಟರ್ ಉದ್ದದವರೆಗೂ ಗಿಗಾಬಿಟ್ ವೇಗ ಹೊರುತ್ತದೆ; ನಮ್ಮ ಯಾವ ತೊಟ್ಟಿಮನೆಗೂ ಅಷ್ಟು ಸಾಕು. ಟೈಪ್-ಸಿ ಕಿಂಡಿಗೆ ಹಾಕುವ ಒಂದು ಚಿಕ್ಕ ಅಡಾಪ್ಟರ್ ಇದ್ದರೆ ಬಹುತೇಕ ಆಂಡ್ರಾಯ್ಡ್ ಫೋನಿಗೂ ಈ ಕೇಬಲ್ ಸಿಕ್ಕಿಸಿ ಬಿಜಿಎಂಐಯಂಥ ಮೊಬೈಲ್ ಆಟ ಆಡಬಹುದು. ಮನೆಯ ಉಪಕರಣದಲ್ಲಿ ಮಾಡಬಹುದಾದ ಎಲ್ಲ ಸುಧಾರಣೆಗಳಲ್ಲಿ ಮೊದಲ ಸ್ಥಾನ ಈ ತಂತಿಗೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ.

ತಂತಿ ಎಳೆಯಲು ಸಾಧ್ಯವೇ ಇಲ್ಲದ ಬಾಡಿಗೆ ಮನೆಗಳಿವೆ, ಗೋಡೆ ಕೊರೆಯಲು ಒಪ್ಪದ ಮಾಲೀಕರಿದ್ದಾರೆ. ಅಲ್ಲಿ ಹೊಸ ರೂಟರಿಗೆ ನಿಜವಾದ ಪಾತ್ರ ಉಂಟು. ನಿಮ್ಮ ಹಳೆಯ ಪೆಟ್ಟಿಗೆಗೆ 2.4 ಗಿಗಾಹರ್ಟ್ಸ್ ಒಂದೇ ಗೊತ್ತಿದ್ದರೆ ಅದನ್ನು ಬದಲಿಸಿ. ಎರಡೂ ಪಟ್ಟಿ ಇರುವ ಸಾಧಾರಣ ಬೆಲೆಯ ರೂಟರ್ ಸಾಕು. ಹತ್ತಿಪ್ಪತ್ತು ಯಂತ್ರಗಳು ಒಟ್ಟಿಗೆ ಜೋತುಬಿದ್ದ ಮನೆಯಲ್ಲಿ ವೈಫೈ 6 ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಅದು ಒಂದೇ ಸರದಿಯಲ್ಲಿ ಹಲವು ಯಂತ್ರಗಳ ಚಿಕ್ಕ ಪ್ಯಾಕೆಟ್‌ಗಳನ್ನು ಸಾಗಿಸಬಲ್ಲದು. ಆದರೆ ಆಡುವ ಫೋನು ಅಥವಾ ಲ್ಯಾಪ್‌ಟಾಪಿಗೂ ಆ ಪೀಳಿಗೆಯ ವೈಫೈ ಇರಬೇಕು, ಇಲ್ಲವಾದರೆ ಒಂದು ಕೈಯ ಚಪ್ಪಾಳೆ. ಮೆಶ್ ಎಂದು ಮಾರುವ ಜೋಡಿ ಪೆಟ್ಟಿಗೆಗಳು ಮೂಲೆಮೂಲೆಗೂ ಸಿಗ್ನಲ್ ಮುಟ್ಟಿಸುತ್ತವೆ. ಆದರೆ ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೂ ಗಾಳಿಯಲ್ಲೇ ನೆಗೆಯಬೇಕಾದರೆ ಕಾಯುವಿಕೆ ಇನ್ನೊಂದು ಸುತ್ತು ಹೆಚ್ಚಿತು. ಎರಡರ ನಡುವೆಯಾದರೂ ತಂತಿ ಹಾಕಿ.

ರೂಟರಿಗೆ ಕೊಟ್ಟ ಪಿಂಗ್ ಚೊಕ್ಕವಾಗಿದ್ದು, ಆಟದ ಪರದೆಯಲ್ಲಿ ಮಾತ್ರ ಪಿಂಗ್ ಕುಣಿಯುತ್ತಿದ್ದರೆ ಎರಡನೆಯ ಸಂಗತಿಗೆ ಬರೋಣ. ಇದು ಬಹಳ ಜನರಿಗೆ ಗೊತ್ತಿಲ್ಲದ್ದು, ಮತ್ತು ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತಿ ಸ್ವಾರಸ್ಯವಾದದ್ದು. ಆಟ ನಡೆಯುತ್ತಿರುವಾಗ ಅಮ್ಮನ ಫೋನು ಮದುವೆಯ ಫೋಟೋ, ವಿಡಿಯೊಗಳನ್ನೆಲ್ಲ ಕ್ಲೌಡಿಗೆ ಏರಿಸಲು ಶುರುಮಾಡುತ್ತದೆ. ಆ ಕ್ಷಣದಿಂದ 25 ಇದ್ದ ಪಿಂಗ್ 300, 400ಕ್ಕೆ ಏರಿ ಅಲ್ಲೇ ನಿಲ್ಲುತ್ತದೆ. ಕಾರಣ ಇಷ್ಟೇ: ರೂಟರಿನಲ್ಲೂ ಕಂಪನಿ ಕೊಟ್ಟ ಫೈಬರ್ ಪೆಟ್ಟಿಗೆಯಲ್ಲೂ ಹೊರಹೋಗುವ ಪ್ಯಾಕೆಟ್‌ಗಳು ಸಾಲು ನಿಲ್ಲುವ ಬಫರ್ ಎಂಬ ಜಾಗವಿದೆ. ಅಪ್‌ಲೋಡ್ ವೇಗ 10 ಎಂಬಿಪಿಎಸ್ ಎನ್ನಿ. ಬಫರಿನಲ್ಲಿ ಒಂದು ಮೆಗಾಬೈಟ್ ಫೋಟೋ ತುಂಬಿ ನಿಂತರೆ ಅದು ಖಾಲಿಯಾಗಲು 0.8 ಸೆಕೆಂಡು ಬೇಕು, ಅಂದರೆ 800 ಮಿಲಿಸೆಕೆಂಡು. ಆಟದ ಚಿಕ್ಕ ಪ್ಯಾಕೆಟ್ ಅಷ್ಟೂ ಹೊತ್ತು ಹಿಂದೆ ನಿಂತಿರಬೇಕು. ಹಿಟ್ಟಿನ ಗಿರಣಿಯಲ್ಲಿ ಒಬ್ಬರು ಹತ್ತು ಮೂಟೆ ರಾಗಿ ಇಳಿಸಿದ ಮೇಲೆ, ಅರ್ಧ ಸೇರು ಕಡಲೆ ಹಿಡಿದು ಬಂದವರ ಪಾಡು ಏನಾಗುತ್ತದೋ ಅದೇ ಇದು.

ಈ ಕಾಯಿಲೆಗೆ ಬಫರ್‌ಬ್ಲೋಟ್ ಎಂದು ಹೆಸರು. 2010ರ ಸುಮಾರಿಗೆ ಜಿಮ್ ಗೆಟಿಸ್ ಎಂಬ ಅಮೆರಿಕದ ತಂತ್ರಜ್ಞರು ಮನೆಯಿಂದ ದೊಡ್ಡ ಕಡತಗಳನ್ನು ಕಳಿಸುತ್ತಿದ್ದಾಗ ವಿಳಂಬ ಸೆಕೆಂಡಿನ ಲೆಕ್ಕಕ್ಕೆ ಏರುವುದನ್ನು ಕಂಡು, ಬೆನ್ನುಹತ್ತಿ ಕಾರಣ ಹುಡುಕಿದರು. ಮೆಮೊರಿ ಅಗ್ಗವಾಯಿತೆಂದು ತಯಾರಕರು ಬಫರನ್ನು ಅಗತ್ಯಕ್ಕಿಂತ ಬಹಳ ದೊಡ್ಡದು ಮಾಡಿಟ್ಟಿದ್ದರು. ಒಂದು ಪ್ಯಾಕೆಟ್ಟೂ ಕಳೆಯಬಾರದೆಂಬ ಸದುದ್ದೇಶವೇ ಕಾಲವನ್ನು ನುಂಗುತ್ತಿತ್ತು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ ಕೋಡೆಲ್ ಎಂಬ ಪರಿಹಾರ ಪ್ರಕಟಿಸಿದರು. ಸಾಲು ಎಷ್ಟು ಉದ್ದ ಎಂದು ನೋಡುವ ಬದಲು, ಪ್ಯಾಕೆಟ್ ಎಷ್ಟು ಹೊತ್ತು ನಿಂತಿತು ಎಂದು ನೋಡುವ ವಿಧಾನ ಅದು. ಅದರ ಮೇಲೆ ಎಫ್‌ಕ್ಯೂ-ಕೋಡೆಲ್, ಆಮೇಲೆ ಕೇಕ್ ಎಂಬವು ಬಂದವು. ಇವು ಪ್ರತಿಯೊಬ್ಬರಿಗೂ ಬೇರೆ ಬೇರೆ ಸಾಲು ಮಾಡಿ, ಸರದಿಯ ಮೇಲೆ ಒಂದಿಷ್ಟಿಷ್ಟೇ ಬಿಡುತ್ತವೆ. ಚಿಕ್ಕ ಗಂಟಿನವರು ಕಾಯದೆ ಹೊರಬೀಳುತ್ತಾರೆ, ದೊಡ್ಡ ಮೂಟೆಯವರಿಗೂ ನಷ್ಟವಾಗುವುದಿಲ್ಲ.

ಡೇವ್ ಟಾಟ್ ಎಂಬ ಪ್ರೋಗ್ರಾಮರ್ ಈ ಕೆಲಸಕ್ಕಾಗಿ ತಮ್ಮ ಆಯುಸ್ಸಿನ ಎಷ್ಟೋ ವರ್ಷಗಳನ್ನು ತೆತ್ತರು. ಯಾರು ಬೇಕಾದರೂ ಉಚಿತವಾಗಿ ಬಳಸುವಂತೆ ಎಲ್ಲವನ್ನೂ ಬಿಚ್ಚಿಟ್ಟರು. 2025ರ ಏಪ್ರಿಲಿನಲ್ಲಿ ತೀರಿಕೊಂಡರು. ಇವತ್ತು ಕೋಟ್ಯಂತರ ಯಂತ್ರಗಳೊಳಗೆ ಅವರು ಮತ್ತು ಅವರ ಜೊತೆಗಾರರು ತಿದ್ದಿದ ಸಾಲುಗಳು ಓಡುತ್ತಿವೆ. ಅವರ ಹೆಸರು ನಮ್ಮ ಆಟಗಾರ ಮಕ್ಕಳಿಗೆ ಗೊತ್ತಾಗಬೇಕೆಂಬ ಆಸೆ ನನಗಿದೆ, ಅದಕ್ಕೇ ಇಲ್ಲಿ ಹೇಳಿದೆ.

ಹೊಸ ರೂಟರಿಗೆ ದುಡ್ಡು ಹಾಕಲು ಇನ್ನೊಂದು ಒಳ್ಳೆಯ ಕಾರಣ ಈ ಬಫರ್‌ಬ್ಲೋಟ್ ನಿವಾರಣೆ. ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಆಂಟೆನಾ ಎಷ್ಟು ಎಂಬುದಲ್ಲ. ಇದರಲ್ಲಿ ಎಸ್‌ಕ್ಯೂಎಂ, ಅಂದರೆ ಈ ಸಾಲುಗಳನ್ನು ಜಾಣತನದಿಂದ ನಿಭಾಯಿಸುವ ಸೌಲಭ್ಯ ಇದೆಯೇ, ಓಪನ್‌ಡಬ್ಲ್ಯುಆರ್‌ಟಿ ಹಾಕಲು ಬರುತ್ತದೆಯೇ ಎಂಬುದು. ಓಪನ್‌ಡಬ್ಲ್ಯುಆರ್‌ಟಿ ಎಂದರೆ ರೂಟರುಗಳಿಗೆಂದೇ ಮಾಡಿದ ಉಚಿತ ತಂತ್ರಾಂಶ. ಕೆಲವೇ ಸಾವಿರ ರೂಪಾಯಿಯ ಹಲವು ಮಾದರಿಗಳ ಮೇಲೆ ಅದು ಓಡುತ್ತದೆ. ಅದರೊಳಗೆ ಎಸ್‌ಕ್ಯೂಎಂ ಚಾಲೂ ಮಾಡಿ, ನಿಮ್ಮ ತಂತಿಯ ನಿಜವಾದ ವೇಗದ ಶೇಕಡಾ 85ರಿಂದ 90ರಷ್ಟನ್ನು ಮಿತಿಯಾಗಿ ಕೊಡಬೇಕು. ಸ್ವಲ್ಪ ವೇಗ ಬಿಟ್ಟುಕೊಟ್ಟಂತಾಯಿತು, ನಿಜ. ಆದರೆ ಸಾಲು ಕಂಪನಿಯ ಪೆಟ್ಟಿಗೆಯಲ್ಲಿ ಕಟ್ಟುವ ಬದಲು ನಿಮ್ಮ ಹಿಡಿತದಲ್ಲಿರುವ ರೂಟರಿನಲ್ಲಿ ಕಟ್ಟುತ್ತದೆ; ಅಪ್‌ಲೋಡ್ ಎಷ್ಟೇ ನಡೆದರೂ ಪಿಂಗ್ ಹತ್ತಿಪ್ಪತ್ತಕ್ಕಿಂತ ಹೆಚ್ಚು ಮೇಲೇರುವುದಿಲ್ಲ. ಇದೆಲ್ಲ ಮಾಡುವವರೆಗೆ ಒಂದು ತಾತ್ಕಾಲಿಕ ಉಪಾಯ: ಫೋಟೋ ಏರಿಸುವ ಕೆಲಸವನ್ನು ಮನೆಯವರೆಲ್ಲರ ಫೋನಿನಲ್ಲೂ ನಡುರಾತ್ರಿಗೆ ಮುಂದೂಡಿ.

ಇನ್ನೂ ಒಂದು ಮಾತು ನಮ್ಮ ಊರುಗಳಿಗೇ ಸೇರಿದ್ದು. ಕರೆಂಟ್ ಹೋಗಿ ಇನ್ವರ್ಟರ್ ಹಿಡಿದುಕೊಳ್ಳುವ ಅರೆಕ್ಷಣದಲ್ಲಿ ಎಷ್ಟೋ ರೂಟರುಗಳು ಆರಿ ಹೊತ್ತಿಕೊಳ್ಳುತ್ತವೆ. ಮತ್ತೆ ಸಿದ್ಧವಾಗಲು ಎರಡು ಮೂರು ನಿಮಿಷ. ಅಷ್ಟರಲ್ಲಿ ಪಂದ್ಯವೇ ಮುಗಿದಿರುತ್ತದೆ. 12 ವೋಲ್ಟ್‌ನ ಮಿನಿ ಯುಪಿಎಸ್ ಒಂದು ಈ ಕಾಟವನ್ನು ಪೂರ್ತಿ ತಪ್ಪಿಸುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಆಡುವವರಿಗೆ ನಾನು ಯಾವ ಗೇಮಿಂಗ್ ರೂಟರಿಗಿಂತಲೂ ಮುಂಚೆ ಇದನ್ನೇ ಹೇಳುತ್ತೇನೆ.

ಲ್ಯಾಗ್ ಎನಿಸಿಕೊಳ್ಳುವ ಎಲ್ಲವೂ ಜಾಲದ್ದಲ್ಲ. ಫೋನು ಬಿಸಿಯಾಗಿ ಚಿತ್ರ ಕುಂಟುವುದು, ಬ್ಲೂಟೂತ್ ಇಯರ್‌ಫೋನಿನಲ್ಲಿ ಹೆಜ್ಜೆ ಸದ್ದು ತಡವಾಗಿ ಕೇಳುವುದು, ಟಿವಿ ತನ್ನ ಚಿತ್ರ ತಿದ್ದುವ ಕೆಲಸದಲ್ಲಿ ಹಿಂದುಳಿಯುವುದು, ಇವಕ್ಕೆಲ್ಲ ರೂಟರ್ ಹೊಣೆಯಲ್ಲ. ಟಿವಿಯಲ್ಲಿ ಗೇಮ್ ಮೋಡ್ ಒತ್ತಿ, ತಂತಿಯ ಇಯರ್‌ಫೋನ್ ಹಾಕಿ ನೋಡಿ.

ಮನೆಯೊಳಗೆ ಎಲ್ಲ ಸರಿಯಿದ್ದು, ಯಾರೂ ಏನನ್ನೂ ಏರಿಸದಿರುವಾಗಲೂ ರಾತ್ರಿ ಎಂಟರಿಂದ ಹನ್ನೊಂದರವರೆಗೆ ಪಿಂಗ್ ಕುಣಿದು, ಬೆಳಗಿನ ಆರಕ್ಕೆ ತಣ್ಣಗಿದ್ದರೆ ತೊಂದರೆ ಕಂಪನಿಯ ಕಡೆಯದು. ಆಗ ದೂರು ಕೊಡಿ, ಆದರೆ "ನೆಟ್ ಸ್ಲೋ" ಎಂದಷ್ಟೇ ಹೇಳಬೇಡಿ. ಸಹಾಯವಾಣಿಯವರು ವೇಗ ಪರೀಕ್ಷೆ ಮಾಡಿಸಿ, ವೇಗ ಸರಿಯಿದೆ ಎಂದು ಫೋನ್ ಇಟ್ಟುಬಿಡುತ್ತಾರೆ. ರೂಟರಿಗೆ ಕೊಡುವ ಪಿಂಗ್ ಮತ್ತು ಹೊರಗಿನ ಒಂದು ವಿಳಾಸಕ್ಕೆ ಕೊಡುವ ಪಿಂಗ್ ಎರಡನ್ನೂ ಅಕ್ಕಪಕ್ಕ ಓಡಿಸಿ, ರಾತ್ರಿಯದೊಂದು, ಬೆಳಗಿನದೊಂದು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಫೈಬರ್ ಪೆಟ್ಟಿಗೆಯ ಸೆಟ್ಟಿಂಗ್ಸ್ ಪುಟದಲ್ಲಿ ಬರುವ ಬೆಳಕಿನ ಬಲವನ್ನೂ ಬರೆದುಕೊಳ್ಳಿ. ಅದು ಮೈನಸ್ 27 ಡಿಬಿಎಂ ಹತ್ತಿರ ಇಳಿದಿದ್ದರೆ ಎಲ್ಲೋ ನಾರು ಬಾಗಿದೆ, ಇಲ್ಲವೇ ಜೋಡಣೆಯಲ್ಲಿ ಧೂಳು ಕೂತಿದೆ ಎಂದರ್ಥ. ಸಹಾಯವಾಣಿಗಿಂತ ನಿಮ್ಮ ಬೀದಿಯ ಲೈನ್‌ಮನ್ನಿಗೆ ಇದನ್ನು ತೋರಿಸುವುದು ಒಳ್ಳೆಯದು. ಕಂಬದ ಮೇಲಿನ ಪೆಟ್ಟಿಗೆಯನ್ನು ತೆರೆದು, ಜೋಡಣೆ ಬಿಚ್ಚಿ ಒರೆಸಿ ಮತ್ತೆ ಕೂರಿಸಬಲ್ಲವರು ಅವರೇ. ಅಂಕಿ ಕಂಡರೆ ಅವರಿಗೆ ಕೆಲಸ ಎಲ್ಲಿಂದ ಶುರುಮಾಡಬೇಕೆಂದು ತಕ್ಷಣ ತಿಳಿಯುತ್ತದೆ.